ಹರ್ಮನ್ ಮೋಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ (29 ಮೇ 1811 – 10 ಮೇ 1881) ಬಾಸೆಲ್ ಮಿಷನ್ ಸಂಸ್ಥೆಯ ಜರ್ಮನ್ ಪಾದ್ರಿ, ಕನ್ನಡದ ಮೊದಲ ವೃತ್ತಪತ್ರಿಕೆ 'ಮಂಗಳೂರ ಸಮಾಚಾರ'ದ ಸಂಪಾದಕ. ಪತ್ರಿಕಾರಂಗದ ಚರಿತ್ರೆಯಲ್ಲಿ ಅವರ ಹೆಸರು ಸ್ಥಿರವಾಗಿದೆ. ಆದರೆ ಅವರು ಭಾರತಕ್ಕೆ ಬಂದದ್ದು ಕ್ರೈಸ್ತ ಸಭೆಗಳನ್ನು ಸ್ಥಾಪಿಸಲು. ಆ ಉದ್ದೇಶದ ದೃಷ್ಟಿಯಿಂದ ನೋಡಿದರೆ ಅವರ ಬದುಕಿನಲ್ಲಿ ಯಶಸ್ಸಿಗಿಂತ ಹಿನ್ನಡೆಗಳೇ ಹೆಚ್ಚು.

ಆರಂಭಿಕ ಜೀವನ

ಮೋಗ್ಲಿಂಗ್ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್‌ನಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮಲಯಾಳಂ ನಿಘಂಟುಕಾರರೆಂದು ಮುಂದೆ ಖ್ಯಾತರಾದ ಹರ್ಮನ್ ಗುಂಡರ್ಟ್ ಅವರ ಆಪ್ತ ಗೆಳೆಯರಾಗಿದ್ದರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದಿತ್ತು. ಮೋಗ್ಲಿಂಗ್ 1836ರಲ್ಲಿ ಅಲ್ಲಿಗೆ ಬಂದು ಸೇರಿದರು.

ಮಂಗಳೂರಿನಲ್ಲಿ

ಸಭೆಯನ್ನು ನಡೆಸಬೇಕಾದವರು ಸ್ಥಳೀಯರೇ ಎಂಬುದು ಮೋಗ್ಲಿಂಗರ ನಿಲುವು. ಇದಕ್ಕಾಗಿ ಅವರು ಉಪದೇಶಿಗಳನ್ನು ತರಬೇತುಗೊಳಿಸುವ ಶಾಲೆಯ ಹೊಣೆ ಹೊತ್ತರು. ವಿದ್ಯಾರ್ಥಿಗಳ ಜೊತೆಯಲ್ಲೇ ವಾಸಿಸಿ ಅವರ ಊಟವನ್ನೇ ಉಂಡರು. ಅಂದಿನ ಯುರೋಪಿಯನ್ ಪಾದ್ರಿಗಳಲ್ಲಿ ಇದು ಅಪರೂಪ. ಈ ಕಾರ್ಯವೇ 1847ರಲ್ಲಿ ಬಲ್ಮಠದ ದೇವತಾಶಾಸ್ತ್ರ ವಿದ್ಯಾಲಯದ ರೂಪವನ್ನು ಪಡೆಯಿತು.

1844ರ ಜನವರಿಯಲ್ಲಿ ಮಿಷನ್ ಶಾಲೆಯ ಮೂವರು ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ಭಾರಿ ಗದ್ದಲವೆದ್ದಿತು. ಅವರಲ್ಲೊಬ್ಬರಾದ ಆನಂದರಾವ್ ಕೌಂಡಿನ್ಯರು ಗುರುವಿನ ಹೆಸರನ್ನೂ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿದರು. ಆದರೆ ಈ ನಿರ್ಧಾರದಿಂದ ಅವರ ಕುಟುಂಬವೇ ಒಡೆಯಿತು. ಪತ್ನಿ ಅವರೊಡನೆ ಬರಲೊಪ್ಪಲಿಲ್ಲ. 1846ರಲ್ಲಿ ಮೋಗ್ಲಿಂಗ್ ಅವರನ್ನು ಬಾಸೆಲಿಗೆ ಕರೆದೊಯ್ದರು. ಅಲ್ಲಿ ವ್ಯಾಸಂಗ ಮುಗಿಸಿ 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಕೌಂಡಿನ್ಯರು ಹಿಂದಿರುಗಿದರು.

ಪತ್ರಿಕೆ ಮತ್ತು ಗ್ರಂಥ ಪ್ರಕಟಣೆ

'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಿತು. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ನಾಲ್ಕು ಪುಟಗಳ ಈ ಪಾಕ್ಷಿಕದ ಬೆಲೆ ಒಂದು ದುಡ್ಡು. ಧರ್ಮಬೋಧೆಯ ಪತ್ರಿಕೆ ಎಂದು ಊಹಿಸಿ ಓದಲು ಹೊರಟವರಿಗೆ ಅಚ್ಚರಿಯಾಗುವಂತೆ ಅದರಲ್ಲಿ ಊರ ವರ್ತಮಾನ, ಸರಕಾರಿ ನಿರೂಪ, ಅನ್ಯದೇಶಗಳ ಸುದ್ದಿ, ಕಥೆ, ಸುಬುದ್ಧಿಯ ಮಾತುಗಳು ಇರುತ್ತಿದ್ದವು. 1844ರಲ್ಲಿ ಪತ್ರಿಕೆಯನ್ನು ಬಳ್ಳಾರಿಗೆ ಒಯ್ದು 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಮುಂದುವರಿಸಲಾಯಿತು. ಜುಲೈ 1 ಇಂದು ಕರ್ನಾಟಕದಲ್ಲಿ ಪತ್ರಿಕಾ ದಿನ.

ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ ಮೋಗ್ಲಿಂಗ್ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯನ್ನು ಪ್ರಕಟಿಸಿದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಈ ಮಾಲೆಯಲ್ಲಿ ಅಚ್ಚಾದವು. ಜನರ ನಂಬಿಕೆಯನ್ನು ಬದಲಿಸಲು ಬಂದವರೇ ಆ ನಂಬಿಕೆಯ ಗ್ರಂಥಗಳನ್ನು ಓಲೆಗರಿಯಿಂದ ಮುದ್ರಣಕ್ಕೆ ತಂದದ್ದು ಗಮನಾರ್ಹ. ಜನರ ಸಾಹಿತ್ಯವನ್ನು ಅರಿಯದ ಉಪದೇಶಿಯ ಮಾತು ಯಾರ ಮನಸ್ಸನ್ನೂ ಮುಟ್ಟದೆಂಬುದು ಇದರ ಹಿಂದಿದ್ದ ವಿಚಾರ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಕೊಡಗಿನಲ್ಲಿ

ಅಲಮಂಡ ಸೋಮಯ್ಯ ಎಂಬ ಕೊಡವರು ಕ್ರೈಸ್ತ ಧರ್ಮವನ್ನು ಅರಸಿ ಮಂಗಳೂರಿಗೆ ಬಂದದ್ದು ಮೋಗ್ಲಿಂಗರನ್ನು ಕೊಡಗಿನತ್ತ ತಿರುಗಿಸಿತು. 1853ರ ಹೊತ್ತಿಗೆ ಅವರು ಕೊಡಗಿನಲ್ಲಿ ಕೆಲಸ ಆರಂಭಿಸಿದ್ದರು. ಸ್ಟೆಫಾನಸ್ ಎಂಬ ಹೆಸರು ಪಡೆದ ಸೋಮಯ್ಯನವರು ಬಂಧುಗಳ ತೀವ್ರ ವಿರೋಧವನ್ನು ಎದುರಿಸಬೇಕಾಯಿತು. ಅವರ ಹಿಂದೆ ಇತರ ಕೊಡವರೂ ಬರುವರೆಂಬ ನಿರೀಕ್ಷೆ ಹುಸಿಯಾಯಿತು.

ಬಂದವರು ಬೇರೆಯವರು. ಒಡೆಯರ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತದಲ್ಲಿದ್ದ ದಲಿತ ಕುಟುಂಬಗಳು ಮೋಗ್ಲಿಂಗರ ಬಳಿ ಸೇರತೊಡಗಿದವು. ಕಂಪನಿ ಸರ್ಕಾರದ 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತಾದರೂ ಒಡೆಯನನ್ನು ಬಿಟ್ಟು ಬಂದವನಿಗೆ ನಿಲ್ಲಲು ನೆಲವಿರಲಿಲ್ಲ. ಆದ್ದರಿಂದ ಇಲ್ಲಿ ಸಭೆ ಕಟ್ಟುವುದೆಂದರೆ ಊರನ್ನೇ ಕಟ್ಟುವುದಾಗಿತ್ತು. ಅಮ್ಮತ್ತಿಯ ಸಮೀಪ ಆನಂದಪುರ ಎಂಬ ನೆಲೆ ಹುಟ್ಟಿದ್ದು ಹೀಗೆ. ಕೌಂಡಿನ್ಯರೂ ಈ ಕೆಲಸದಲ್ಲಿ ಕೈಜೋಡಿಸಿದರು. ಕೊಡಗಿನ ಚರಿತ್ರೆ ಮತ್ತು ಜನಜೀವನವನ್ನು ಕುರಿತ ಮೋಗ್ಲಿಂಗರ ಇಂಗ್ಲಿಷ್ ಗ್ರಂಥ 'ಕೂರ್ಗ್ ಮೆಮೊಯರ್ಸ್' 1855ರಲ್ಲಿ ಪ್ರಕಟವಾಯಿತು.

ಕೊನೆಯ ವರ್ಷಗಳು

ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲಿನಾರನ್ನು ಮೋಗ್ಲಿಂಗ್ ಮುಂದೆ ವಿವಾಹವಾದರು. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಅವರು ಜರ್ಮನಿಗೆ ಮರಳಬೇಕಾಯಿತು. ಮತ್ತೆ ಭಾರತಕ್ಕೆ ಬರಲಿಲ್ಲ. ಎಸ್ಲಿಂಗೆನ್‌ನಲ್ಲಿ ನಿಧನರಾದರು. ಮರುವರ್ಷ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು.