ವಿಕ್ರಮ ಸಾರಾಭಾಯಿ

ವಿಕ್ರಮ ಸಾರಾಭಾಯಿಯವರು 1919ರಲ್ಲಿ ಅಹಮದಾಬಾದಿನ ಸಿರಿವಂತ ಗಿರಣಿ ಮಾಲೀಕರ ಮನೆತನದಲ್ಲಿ ಜನಿಸಿದರು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸಿದರು. ಉಪಗ್ರಹದ ಮೂಲಕ ದೂರದರ್ಶನವು ನೇರವಾಗಿ ಹಳ್ಳಿಗಳನ್ನು ಮುಟ್ಟಬೇಕೆಂಬುದು ಅವರ ಹಂಬಲವಾಗಿದ್ದಿತು. ಗಿರಣಿ ಮನೆತನದ ಮಗನಿಗೆ ಹಳ್ಳಿಯ ಚಿಂತೆ ಹತ್ತಿದ್ದು ಸಣ್ಣ ಮಾತಲ್ಲ. 1969ರಲ್ಲಿ ಅಮೆರಿಕದೊಡನೆ ಒಪ್ಪಂದವೂ ಆಯಿತು. ಆದರೆ 1971ರ ಡಿಸೆಂಬರ್ 30ರಂದು, ತಮ್ಮ 52ನೆಯ ವಯಸ್ಸಿನಲ್ಲಿಯೇ ಅವರು ನಿಧನ ಹೊಂದಿದರು.

ಪ್ರಸಾರವು 1975ರ ಆಗಸ್ಟ್ 1ರಂದು ಆರಂಭವಾಯಿತು. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ತಂತಿಬಲೆಯಿಂದ ಮಾಡಿದ ಬೋಗುಣಿಯಾಕಾರದ ಆಂಟೆನಾಗಳು ಆಕಾಶದ ಒಂದೇ ಬಿಂದುವಿನತ್ತ ಮುಖಮಾಡಿದವು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುವ ಉಪಗ್ರಹವು ನಿಂತಂತೆ ತೋರುತ್ತದೆ; ನಿಜವಾಗಿ ನಿಂತಿರುವುದಿಲ್ಲ. ಸೂರ್ಯಚಂದ್ರರ ಸೆಳೆತವೂ ಪೂರ್ಣ ದುಂಡಗಿಲ್ಲದ ಭೂಮಿಯ ಆಕಾರವೂ ಅದನ್ನು ಸದಾ ಸ್ಥಾನದಿಂದ ಕದಲಿಸುತ್ತವೆ. ಆಗಾಗ ಇಂಧನ ಉರಿಸಿ ಸ್ವಸ್ಥಾನಕ್ಕೆ ತರದಿದ್ದರೆ ನೆಲದ ಆಂಟೆನಾಕ್ಕೆ ಸಂಕೇತ ಕ್ಷೀಣಿಸಿ, ಚಿತ್ರ ಮಸುಕಾಗುತ್ತದೆ.

ಈ ಉಪಗ್ರಹವಾದರೋ ಎರವಲು ತಂದುದು. ವರ್ಷ ತುಂಬಿದೊಡನೆ ಅಮೆರಿಕವು ಅದನ್ನು ಪಶ್ಚಿಮಕ್ಕೆ ಸರಿಸಿಕೊಂಡಿತು. ಹಳ್ಳಿಗಳ ಪರದೆ ಬರಿದಾಯಿತು. ದೇಶಕ್ಕೆ ಸ್ವಂತ ಉಪಗ್ರಹ ಬೇಕೆಂದು ಸಾರಾಭಾಯಿಯವರು ಬದುಕಿದ್ದಾಗಲೇ ಯೋಜಿಸಿದ್ದರು. 1982ರಲ್ಲಿ ಹಾರಿದ ಇನ್ಸಾಟ್-1ಎ, ನಿಲುವು ಕಾಯುವ ಇಂಧನ ತೀರಿ ಕೆಲವೇ ತಿಂಗಳಲ್ಲಿ ಕೈಬಿಟ್ಟಿತು. ಮರುವರ್ಷ ಇನ್ಸಾಟ್-1ಬಿ ನೆಲೆಗೊಂಡಿತು.