ಮಹಾಮನೆಯ ತಾಯಿ ಶಿವಶರಣೆ ಅಕ್ಕನಾಗಮ್ಮನವರು

ಶಿವಭಕ್ತಿಯು ಗುರುಬೋಧೆಯಿಂದ ಬೆಳೆಯುವದು ನಿಜವಾದರೂ ಅದರ ಮೊದಲ ಮೊಳಕೆಯು ಕಾಣಿಸಿಕೊಳ್ಳುವದು ಮನೆಯಲ್ಲಿ, ಮಾತೆಯ ಮಡಿಲಿನಲ್ಲಿ. ಶರಣರ ಚರಿತ್ರೆಯನ್ನು ಓದುವ ಸದ್ಭಕ್ತರು ಬಸವಣ್ಣನವರ ಭಕ್ತಿಯನ್ನೂ ಚನ್ನಬಸವಣ್ಣನವರ ಜ್ಞಾನವನ್ನೂ ಎಷ್ಟು ಕೊಂಡಾಡಿದರೂ ತೃಪ್ತಿ ಹೊಂದರು. ಆ ಮೊದಲಿನವರಿಗೆ ಅಕ್ಕನಾಗಿ, ಎರಡನೆಯವರಿಗೆ ತಾಯಿಯಾಗಿ, ಕಲ್ಯಾಣದ ಶರಣಕುಲಕ್ಕೆಲ್ಲ ಮನೆಯ ಹಿರಿಯಳಾಗಿ ಬಾಳಿದವರು ಶಿವಶರಣೆ ಅಕ್ಕನಾಗಮ್ಮನವರು. ಅವರ ಪುಣ್ಯಚರಿತ್ರೆಯ ಸ್ಮರಣೆಯು ಈ ಮಹೋತ್ಸವದ ಕಾಲಕ್ಕೆ ಸಮುಚಿತವಾಗಿರುವದು.

ಬಾಗೇವಾಡಿಯ ಅಗ್ರಹಾರದಲ್ಲಿದ್ದ ಮಾದರಸ ಮತ್ತು ಮಾದಲಾಂಬಿಕೆಯರ ಪುತ್ರಿಯಾದ ಇವರನ್ನು ನಾಗಲಾಂಬಿಕೆ, ನಾಗಮ್ಮ, ನಾಗಾಯಿ ಎಂಬ ಹೆಸರುಗಳಿಂದಲೂ ಕರೆದಿರುವರು. ಇವರ ಪತಿಯು ಶಿವದೇವನೆಂದು ಪ್ರತೀತಿಯುಂಟು. ಎಳೆಯ ವಯಸ್ಸಿನ ಬಸವಣ್ಣನವರು ಉಪನಯನವನ್ನು ನಿರಾಕರಿಸಿ, ಹೆಣ್ಣೆಂಬ ಕಾರಣದಿಂದ ತಮ್ಮ ಅಕ್ಕನಿಗೆ ದೊರೆಯದ ಸಂಸ್ಕಾರವು ತಮಗೂ ಬೇಡವೆಂದು ನುಡಿದರೆಂಬ ಕಥೆಯು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ತಮ್ಮನು ಹೆತ್ತವರ ಮನೆಯನ್ನು ತೊರೆದು ಹೊರಟಾಗ ಅಗ್ರಹಾರದ ನಿಂದೆಗೆ ಅಂಜದೆ ಅವನ ಸಂಗಡ ಹೊರಟವರು ಈ ಅಕ್ಕನೇ ಎಂದು ಬಸವಪುರಾಣವು ಹೇಳುವದು. ಕೃಷ್ಣೆ ಮಲಪ್ರಭೆಗಳು ಕೂಡುವ ಸಂಗಮಕ್ಷೇತ್ರದಲ್ಲಿ ಬಸವಣ್ಣನವರಿಗೆ ಸಂಗಮನಾಥನ ಕೃಪೆಯು ಲಭಿಸಿತು. ಒಡಹುಟ್ಟಿದವಳ ಅಚಲವಾದ ವಾತ್ಸಲ್ಯವಾದರೋ ಅದಕ್ಕೂ ಮೊದಲೇ ಲಭಿಸಿದ್ದಿತು.

ಮುಂದೆ ಬಸವಣ್ಣನವರು ಕಲಚುರ್ಯ ಬಿಜ್ಜಳನ ಭಂಡಾರಿಗಳಾಗಿ ಕಲ್ಯಾಣದಲ್ಲಿ ನೆಲೆಸಿದರಷ್ಟೆ. ಅವರ ಮನೆಯು ಮಹಾಮನೆಯಾಯಿತು. ನಾನಾ ದೇಶಗಳಿಂದ ಬಂದ ಜಂಗಮರಿಗೂ, ನೇಯುವ, ದೋಣಿ ನಡೆಯಿಸುವ, ಚರ್ಮವನ್ನು ಹದಮಾಡುವ ಕಾಯಕದ ಶರಣರಿಗೂ ಅಲ್ಲಿ ನಿತ್ಯವೂ ದಾಸೋಹವು ನಡೆಯುತ್ತಿದ್ದಿತು. ಗಂಗಾಂಬಿಕೆ ನೀಲಾಂಬಿಕೆಯರೊಡನೆ ಈ ಸೇವೆಯ ಹೊಣೆಯನ್ನು ಹೊತ್ತವರು ಅಕ್ಕನಾಗಮ್ಮನವರು. ಯಾರು ಯಾವ ಕುಲದವರೆಂಬ ಪ್ರಶ್ನೆಯು ಆ ಪಂಕ್ತಿಯಲ್ಲಿ ಏಳದಂತೆ ನೋಡಿಕೊಳ್ಳುವದು ಅನ್ನವನ್ನು ಬಡಿಸುವದಕ್ಕಿಂತ ಕಠಿಣವಾದ ಕಾರ್ಯವಾಗಿದ್ದಿತು.

ಈ ನಿಷ್ಠೆಗೆ ಅಗ್ನಿಪರೀಕ್ಷೆಯೂ ಒದಗಿತು. ಡೋಹರ ಕುಲದಲ್ಲಿ ಹುಟ್ಟಿದ ಕಕ್ಕಯ್ಯನವರ ಪ್ರಸಾದವನ್ನು ಅಕ್ಕನಾಗಮ್ಮನವರು ಭಕ್ತಿಯಿಂದ ಸ್ವೀಕರಿಸಿದರೆಂದೂ, ಆ ಪ್ರಸಾದದ ಫಲವಾಗಿ ಚನ್ನಬಸವಣ್ಣನವರು ಜನಿಸಿದರೆಂದೂ ಪುರಾತನರ ಕಥನವಿದೆ. ಲೋಕದವರು ಅಪವಾದವನ್ನಾಡಿದರು, ಅವರು ಪ್ರಸಾದದಲ್ಲಿ ಸಂಶಯವನ್ನು ತಾಳಲಿಲ್ಲ. ಹೀಗೆ ನಿಂದೆಯ ನಡುವೆ ಬೆಳೆದ ಆ ಶಿಶುವೇ ಷಟ್‌ಸ್ಥಲ ಸಿದ್ಧಾಂತವನ್ನು ವ್ಯವಸ್ಥೆಗೊಳಿಸಿ ಅವಿರಳಜ್ಞಾನಿಯೆಂಬ ಕೀರ್ತಿಗೆ ಪಾತ್ರವಾಯಿತು.

ಅಕ್ಕನಾಗಮ್ಮನವರು ಸ್ವತಃ ವಚನಗಳನ್ನು ರಚಿಸಿರುವರು. ಈಗ ದೊರೆತಿರುವವು ಕೆಲವೇ ಆದರೂ ಅವುಗಳ ಅಂಕಿತವು ಗಮನಾರ್ಹವಾಗಿರುವದು. ಬಸವಣ್ಣಪ್ರಿಯ ಚೆನ್ನಸಂಗಯ್ಯ ಎಂಬ ಆ ಮುದ್ರಿಕೆಯಲ್ಲಿ ಇಷ್ಟದೈವದ ಮಗ್ಗುಲಲ್ಲಿಯೇ ತಮ್ಮನ ನಾಮವು ನಿಂತಿದೆ. ತಾವು ಕೈಹಿಡಿದು ನಡೆಯಿಸಿದ ಕಿರಿಯನನ್ನೇ ಹಿರಿಯನೆಂದು ಸ್ವೀಕರಿಸುವ ವಿನಯವು ಎಲ್ಲರಿಗೂ ಸಾಧ್ಯವಾಗುವದಲ್ಲ.

ಹರಳಯ್ಯ ಮಧುವರಸರ ಮಕ್ಕಳ ವಿವಾಹದ ನಿಮಿತ್ತವಾಗಿ ಕಲ್ಯಾಣದಲ್ಲಿ ಘೋರವಾದ ಕ್ಷೋಭೆಯು ಉಂಟಾಯಿತು. ಆ ಶರಣರಿಬ್ಬರೂ ಕ್ರೂರವಾದ ಶಿಕ್ಷೆಗೆ ಗುರಿಯಾದರು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿ ಲಿಂಗೈಕ್ಯರಾದರು. ಕ್ರಿ. ಶ. 1167-68ರ ಸುಮಾರಿಗೆ ಬಿಜ್ಜಳನ ಆಳಿಕೆಯೂ ಕೊನೆಗೊಂಡಿತು. ಮಹಾಮನೆಯ ಒಲೆಯು ಆರಿತು. ತಮ್ಮನನ್ನು ಕಳೆದುಕೊಂಡ ಅಕ್ಕನಿಗೆ ಶೋಕಿಸಲು ಅವಕಾಶವೂ ಇರಲಿಲ್ಲ; ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು, ಬೆನ್ನಟ್ಟಿದ ಸೈನ್ಯವನ್ನು ಎದುರಿಸುತ್ತ ಪಡುವಣ ಕಾಡಿನತ್ತ ಹೊರಟ ಶರಣರ ತಂಡಕ್ಕೆ ಧೈರ್ಯವನ್ನು ಹೇಳಬೇಕಾಗಿದ್ದಿತು.

ಆ ಪಯಣದ ಹಾದಿಯನ್ನು ಇಂದಿಗೂ ಸಮಾಧಿಗಳು ತೋರಿಸುವವು. ಮಲಪ್ರಭೆಯ ದಡದ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರ ಐಕ್ಯಸ್ಥಾನವಿದೆ. ಖಾನಾಪುರ ಪ್ರಾಂತದ ಕಕ್ಕೇರಿಯಲ್ಲಿ ಕಕ್ಕಯ್ಯನವರು ಶರಣರನ್ನು ರಕ್ಷಿಸುತ್ತ ಐಕ್ಯರಾದರೆಂದು ಪ್ರತೀತಿ. ಯಾರ ಪ್ರಸಾದದಿಂದ ತಮಗೆ ಪುತ್ರನು ಲಭಿಸಿದನೋ ಆ ಮಹಾತ್ಮರೇ ಪುತ್ರನ ರಕ್ಷಣೆಗಾಗಿ ಪ್ರಾಣವನ್ನು ಒಪ್ಪಿಸಿದ್ದನ್ನು ಆ ತಾಯಿಯು ಹೇಗೆ ಸಹಿಸಿದಳೋ ಶಿವನೇ ಬಲ್ಲನು.

ಉತ್ತರ ಕನ್ನಡದ ದಟ್ಟಡವಿಯ ಉಳವಿಯನ್ನು ಸೇರಿದ ಬಳಿಕ ಚನ್ನಬಸವಣ್ಣನವರೂ ಚಿಕ್ಕ ವಯಸ್ಸಿನಲ್ಲಿಯೇ ಲಿಂಗೈಕ್ಯರಾದರು. ತಮ್ಮನ ನಂತರ ಮಗನೂ ಹೋದನು. ಆದರೂ ಅಕ್ಕನಾಗಮ್ಮನವರು ಅಲ್ಲಿಯೇ ಕುಸಿಯಲಿಲ್ಲ. ಉಳಿದ ಶರಣರೊಡನೆ ದಕ್ಷಿಣಕ್ಕೆ ನಡೆದು, ತರೀಕೆರೆಯ ಸಮೀಪದ ಎಣ್ಣೆಹೊಳೆಯಲ್ಲಿ ತಮ್ಮ ಕಡೆಯ ದಿನಗಳನ್ನು ಶಿವಯೋಗದಲ್ಲಿ ಕಳೆದು ಲಿಂಗದಲ್ಲಿ ಬೆರೆದರೆಂದು ಸಂಪ್ರದಾಯವು ಹೇಳುವದು. ಉಳವಿಯಲ್ಲಿ ಅವರ ಹೆಸರಿನ ಗುಹೆಯುಂಟು. ಭಾರತ ಹುಣ್ಣಿವೆಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಭಕ್ತರು ಮಗನ ದರ್ಶನದೊಡನೆ ತಾಯಿಯನ್ನೂ ನೆನೆಯುವರು.

ಗೋಡೆಗಳಿಂದಲೇ ಮನೆಯಾಗುವದಾದರೆ ಮಹಾಮನೆಯು ಕಲ್ಯಾಣದೊಡನೆಯೇ ಅಳಿಯಬೇಕಾಗಿದ್ದಿತು. ಹಾಗಾಗಲಿಲ್ಲ. ಅದನ್ನು ಅಕ್ಕನಾಗಮ್ಮನವರಂಥ ತಾಯಂದಿರು ತಮ್ಮ ಎದೆಯಲ್ಲಿ ಹೊತ್ತು ನಡೆದರು. ಅವರು ತಂಗಿದಲ್ಲಿ ಮರದ ನೆರಳೂ ದಾಸೋಹದ ಮನೆಯಾಯಿತು. ಮಠಗಳಲ್ಲಿ ಇಂದು ಬಡಿಸುವ ಪ್ರಸಾದದ ತುತ್ತಿನಲ್ಲಿ ಆ ತಾಯಿಯ ಋಣವೂ ಸೇರಿರುವದು. ಪಂಕ್ತಿಯಲ್ಲಿ ಭೇದವೆಣಿಸದೆ ಉಣಿಸುವದೂ, ಅಗಲಿಕೆಯ ದುಃಖದಲ್ಲಿಯೂ ಕೈಗೊಂಡ ಸೇವೆಯನ್ನು ಬಿಡದಿರುವದೂ ಆ ಋಣವನ್ನು ತೀರಿಸುವ ಮಾರ್ಗವು. ಇಂಥ ಸದ್ಬುದ್ಧಿಯನ್ನು ಶ್ರೀಗುರುವು ಭಕ್ತಕುಟುಂಬಗಳೆಲ್ಲಕ್ಕೂ ಅನುಗ್ರಹಿಸಲಿ. ಶಿವಮಸ್ತು.