ತಿರುಳ್ಗನ್ನಡದ ತಿರುಕ: ರೆವರೆಂಡ್ ಉತ್ತಂಗಿ ಚೆನ್ನಪ್ಪನವರು

ವಚನ ಸಾಹಿತ್ಯ ಮತ್ತೆ ಬೆಳಕು ಕಂಡ ಚರಿತ್ರೆಯಲ್ಲಿ ಬೆಳಗಾವಿ ನಗರಕ್ಕೆ ಗೌರವದ ಸ್ಥಾನವಿದೆ. ವಿಜಾಪುರದ ಫ. ಗು. ಹಳಕಟ್ಟಿಯವರು ಬಹುಕಾಲ ಶ್ರಮಿಸಿ ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ್ದರು. ಅದು ಅಲ್ಲಿ ಅಚ್ಚಾಗದೆ ಹಿಂದಿರುಗಿತು. ಕಡೆಗೆ 1923ರಲ್ಲಿ ಆ ಮಹಾಗ್ರಂಥ ಮುದ್ರಣಗೊಂಡದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಈ ಸಂಗತಿ ಲಿಂಗಾಯತ ಸಮಾಜದಲ್ಲಿ ಅಭಿಮಾನದಿಂದ ಸ್ಮರಣೆಗೊಳ್ಳುತ್ತ ಬಂದಿದೆ. ಅದು ಯೋಗ್ಯವೇ ಆಗಿದೆ. ಆದರೆ ಅದರ ಜೊತೆಯಲ್ಲಿಯೇ ನೆನೆಯಬೇಕಾದ ಇನ್ನೊಂದು ಸಂಗತಿಯುಂಟು. ಮರುವರ್ಷವೇ, ಎಂದರೆ 1924ರಲ್ಲಿ, ಅದೇ ಬಾಸೆಲ್ ಮಿಷನ್ನಿನ ಸಭಾಪಾಲಕರೊಬ್ಬರು ಸರ್ವಜ್ಞನ ವಚನಗಳನ್ನು ನಾಡೆಲ್ಲ ಸುತ್ತಿ ಸಂಗ್ರಹಿಸಿ, ವಿಸ್ತಾರವಾದ ಪ್ರಸ್ತಾವನೆಯೊಂದಿಗೆ ಕನ್ನಡಿಗರ ಕೈಗಿತ್ತರು. ಮುದ್ರಣಾಲಯ ಒಂದು ಬಾಗಿಲನ್ನು ಮುಚ್ಚಿತೆಂದಾದರೆ, ಅದೇ ಮನೆಯೊಳಗಿನ ವ್ಯಕ್ತಿಯೊಬ್ಬರು ಇನ್ನೊಂದು ಬಾಗಿಲನ್ನು ತೆರೆದು ನಿಂತಿದ್ದರು. ಅವರೇ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು.

ಈ ಭಾಗದಲ್ಲಿ ಕ್ರೈಸ್ತಧರ್ಮದ ಪರಿಚಯ ಹೊಸದಲ್ಲ. ಖಾನಾಪುರ ತಾಲೂಕು ಗೋವೆಗೆ ಹೊಂದಿಕೊಂಡ ಸೀಮೆ. ಘಟ್ಟದಾಚೆಯ ಕ್ಯಾಥೊಲಿಕ್ ಪರಂಪರೆ ಅಲ್ಲಿಯ ಜನಕ್ಕೆ ಎಂದೂ ದೂರದ್ದಾಗಿರಲಿಲ್ಲ. ಬೆಳಗಾವಿಯ ದಂಡಿನ ಪ್ರದೇಶಕ್ಕೆ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಅವರು 1820ರಲ್ಲಿಯೇ ಬಂದರು. ಅವರು ಬಂದದ್ದು ಬಳ್ಳಾರಿಯಿಂದ. ಅದೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರು ಬೈಬಲ್ಲನ್ನು ಕನ್ನಡಕ್ಕೆ ತರುವ ಕಾರ್ಯದಲ್ಲಿ ತೊಡಗಿದ್ದು, ಪೂರ್ಣ ಕನ್ನಡ ಬೈಬಲ್ಲು 1831ರ ಹೊತ್ತಿಗೆ ಸಿದ್ಧವಾಯಿತು. ಬೆಳಗಾವಿಯ ಬೆನನ್ ಸ್ಮಿತ್ ಪ್ರೌಢಶಾಲೆ ಪಾದ್ರಿಗಳ ಹೆಸರನ್ನು ಉಳಿಸಿಕೊಂಡು ಬಂದಿದೆ. ಇತ್ತ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದರು. ಶಾಲೆ, ಮುದ್ರಣ, ನೇಯ್ಗೆ, ಹಂಚಿನ ಕಾರ್ಖಾನೆಗಳಿಂದ ಅವರು ಮಾಡಿದ ಉಪಕಾರ ಸಣ್ಣದಲ್ಲ. ಮೋಗ್ಲಿಂಗ್ ಅವರ ಗ್ರಂಥಪ್ರಕಟನೆ, ಕಿಟ್ಟೆಲರ 1894ರ ನಿಘಂಟು, ಇವು ಕನ್ನಡದ ಸಾರ್ವಕಾಲಿಕ ಸಂಪತ್ತು. ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಮತ ಬದಲಿಸಿದವನು ತನ್ನ ಹಿರಿಯರ ಸಂಸ್ಕಾರವನ್ನೆಲ್ಲ ಹೊಸ್ತಿಲಾಚೆ ಬಿಟ್ಟು ಬರಬೇಕೆಂಬ ಭಾವನೆ ಆ ಕಾಲದ ಅನೇಕ ಪಾದ್ರಿಗಳಲ್ಲಿ ಬಲವಾಗಿತ್ತು. ಚೆನ್ನಪ್ಪನವರ ಬಾಳಿನ ಹೋರಾಟವೆಲ್ಲ ಈ ಹೊಸ್ತಿಲಿನ ಮೇಲೆಯೇ ನಡೆಯಿತು.

ಚೆನ್ನಪ್ಪನವರು 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದರು. ತಂದೆ ದಾನಿಯೇಲಪ್ಪನವರು, ತಾಯಿ ಸುಭಕ್ತವ್ವನವರು. ಈ ಎರಡು ಹೆಸರುಗಳಲ್ಲಿಯೇ ಆ ಮನೆತನದ ಕಥೆಯಿದೆ: ಒಂದು ಬೈಬಲ್ಲಿನಿಂದ ಬಂದದ್ದು, ಮತ್ತೊಂದು ಶರಣರ ನಾಡಿನ ಭಕ್ತಿಯಿಂದ ಹುಟ್ಟಿದ್ದು. ಪೂರ್ವಜರು ಹಡಗಲಿ ತಾಲೂಕಿನ ಉತ್ತಂಗಿ ಗ್ರಾಮದವರು, ಲಿಂಗಾಯತ ಮನೆತನದವರು. ಮನೆತನ ಕ್ರೈಸ್ತಧರ್ಮವನ್ನು ಸ್ವೀಕರಿಸಿದರೂ ಊರ ಹೆಸರು ಅಡ್ಡಹೆಸರಾಗಿ ಉಳಿಯಿತು. ಧಾರವಾಡದಲ್ಲಿ ಶಾಲಾ ಶಿಕ್ಷಣ ಮುಗಿಸಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ದೈವಜ್ಞಾನ ಶಾಲೆಯಲ್ಲಿ ಅಧ್ಯಯನ ಮಾಡಿ, ಚೆನ್ನಪ್ಪನವರು ಸಭಾಸೇವೆಗೆ ನಿಂತರು. ಮುಂದೆ ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ದುಡಿದು, ಬಾಳಿನ ಉತ್ತರಾರ್ಧವನ್ನು ಪೂರ್ವಜರ ಸೀಮೆಯಾದ ಹೂವಿನಹಡಗಲಿಯಲ್ಲಿ ಕಳೆದರು.

ಸುವಾರ್ತೆಯನ್ನು ಸಾರುವವನಿಗೆ ಹಳ್ಳಿಹಳ್ಳಿಗಳ ತಿರುಗಾಟ ಅನಿವಾರ್ಯ. ಚೆನ್ನಪ್ಪನವರ ತಿರುಗಾಟಕ್ಕೆ ಮಾತ್ರ ಎರಡು ಜೋಳಿಗೆಗಳಿದ್ದವು ಎನ್ನಬೇಕು. ಒಂದರಲ್ಲಿ ಕೊಡಲು ತಂದದ್ದು, ಇನ್ನೊಂದರಲ್ಲಿ ಪಡೆದುಕೊಂಡು ಹೋಗುವುದು. ಕಟ್ಟೆಯ ಮೇಲೆ ಕುಳಿತ ಒಕ್ಕಲಿಗನ ಬಾಯಲ್ಲಿ, ಬೀಸುವ ಕಲ್ಲಿನ ಮುಂದಿನ ಮುದುಕಿಯ ನಾಲಗೆಯಲ್ಲಿ, ಮಠದ ಅಟ್ಟದ ಮೇಲಿನ ಓಲೆಗರಿಗಳಲ್ಲಿ ಸರ್ವಜ್ಞನ ತ್ರಿಪದಿಗಳು ಚದುರಿ ಹೋಗಿದ್ದವು. ಎಲ್ಲರಿಗೂ ನಾಲ್ಕಾರು ಪದ್ಯಗಳು ಗೊತ್ತಿದ್ದವು, ಯಾರ ಬಳಿಯಲ್ಲಿಯೂ ಪೂರ್ಣ ಸಂಗ್ರಹವಿರಲಿಲ್ಲ. ಸುಮಾರು 2000 ತ್ರಿಪದಿಗಳು ಆ ಕವಿಯ ಹೆಸರಿನಲ್ಲಿ ಪ್ರಚಲಿತವಾಗಿವೆ. ಅವುಗಳನ್ನು ಕಲೆಹಾಕಿ, ಪಾಠಗಳನ್ನು ಹೋಲಿಸಿ, ವಿಷಯಾನುಸಾರವಾಗಿ ವಿಂಗಡಿಸುವುದೆಂದರೆ ಒಂದು ಸಂಸ್ಥೆಯೇ ಕೈಗೊಳ್ಳಬೇಕಾದ ಕಾರ್ಯ. ಅದನ್ನು ಒಬ್ಬ ಬಡ ಪಾದ್ರಿ ತನ್ನ ಸಭಾಕರ್ತವ್ಯಗಳ ನಡುವೆ ವರ್ಷಾನುವರ್ಷ ನಡೆಸಿದರು. ಲೂಕನ ಸುವಾರ್ತೆಯಲ್ಲಿ ಒಂದು ದೃಷ್ಟಾಂತವಿದೆ. ಹತ್ತು ಬೆಳ್ಳಿನಾಣ್ಯಗಳಿದ್ದ ಹೆಣ್ಣುಮಗಳೊಬ್ಬಳು ಒಂದನ್ನು ಕಳೆದುಕೊಂಡಾಗ ದೀಪ ಹಚ್ಚಿ, ಮನೆಯನ್ನೆಲ್ಲ ಗುಡಿಸಿ, ಅದು ಸಿಗುವವರೆಗೂ ಹುಡುಕುತ್ತಾಳೆ. ಸಿಕ್ಕ ಮೇಲೆ ನೆರೆಹೊರೆಯವರನ್ನೆಲ್ಲ ಕರೆದು ಸಂತೋಷಪಡುತ್ತಾಳೆ. ಸಾಮಾನ್ಯವಾಗಿ ಇದನ್ನು ದಾರಿತಪ್ಪಿದ ಆತ್ಮದ ವಿಷಯವೆಂದು ಬೋಧಿಸುವುದುಂಟು. ಚೆನ್ನಪ್ಪನವರ ಕೈಯಲ್ಲಿ ಅದು ಅಕ್ಷರಶಃ ಆಚರಣೆಗೆ ಬಂದಿತು. ಕಳೆದ ನಾಣ್ಯ ಕನ್ನಡದ್ದು, ದೀಪ ಮಾತ್ರ ಬೈಬಲ್ಲಿನದು.

ಆ ಸಂಗ್ರಹ ದೋಷರಹಿತವೆಂದು ಹೇಳಲಾಗದು. ಸರ್ವಜ್ಞನ ಅಂಕಿತವಿದ್ದರೂ ಅವನವಲ್ಲದ ಪದ್ಯಗಳು ಅದರಲ್ಲಿ ಸೇರಿಕೊಂಡಿವೆಯೆಂಬ ವಿಮರ್ಶೆ ಬಂದಿದೆ. ಬಾಯಿಂದ ಬಾಯಿಗೆ ಹರಿದು ಬಂದ ಸಾಹಿತ್ಯಕ್ಕೆ ಇದು ಸಹಜವಾದ ಗತಿ. ಸರ್ವಜ್ಞನ ಮೇಲಿನ ಮುಂದಿನ ಅಭ್ಯಾಸಗಳಿಗೆಲ್ಲ ಅಡಿಗಲ್ಲಾದದ್ದು ಈ ಗ್ರಂಥವೇ ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಸಭಾಪಾಲಕರೊಬ್ಬರು ಜಾತಿ, ವಿಗ್ರಹ, ಮಠ, ಪುರೋಹಿತ ಯಾರನ್ನೂ ಬಿಡದೆ ನುಡಿದ ಸರ್ವಜ್ಞನನ್ನು ಆಯ್ದುಕೊಂಡುದರಲ್ಲಿ ಪರಮತಖಂಡನೆಯ ಉದ್ದೇಶವಿರಬಹುದೆಂದು ಸಂಶಯಿಸಿದವರಿಗೆ ಚೆನ್ನಪ್ಪನವರ ಉಳಿದ ಬರಹಗಳೇ ಉತ್ತರವಾಗಿವೆ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಕೃತಿಯ ಹೆಸರನ್ನೇ ಗಮನಿಸಬೇಕು. ಯೇಸುಸ್ವಾಮಿಯ ಜನ್ಮಸ್ಥಳವು ಕಾಶೀಕ್ಷೇತ್ರಕ್ಕೆ ಆಜ್ಞೆ ಮಾಡುವುದಿಲ್ಲ, ಸವಾಲು ಹಾಕುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ. ಆಳುವ ದೊರೆಗಳ ಧರ್ಮವೇ ತಮ್ಮ ಧರ್ಮವಾಗಿದ್ದ ಕಾಲದಲ್ಲಿ ಒಬ್ಬ ಕ್ರೈಸ್ತ ಬೋಧಕ ಈ ಪದವನ್ನು ಆರಿಸಿಕೊಳ್ಳುವುದಕ್ಕೆ ವಿನಯವಷ್ಟೇ ಸಾಲದು, ಧೈರ್ಯವೂ ಬೇಕು. ತಾನು ಧರ್ಮಶಾಸ್ತ್ರವನ್ನು ಅಳಿಸಲು ಬಂದವನಲ್ಲ, ಪೂರ್ಣಗೊಳಿಸಲು ಬಂದವನು ಎಂಬರ್ಥದ ಯೇಸುಸ್ವಾಮಿಯ ಬೋಧೆ ಮತ್ತಾಯನ ಸುವಾರ್ತೆಯಲ್ಲಿದೆ. ಆ ಬೋಧೆ ಯೆಹೂದ್ಯರ ನಾಡಿಗೆ ಮಾತ್ರ ಮೀಸಲೆಂದು ಚೆನ್ನಪ್ಪನವರು ಬಗೆಯಲಿಲ್ಲ. ಕನ್ನಡ ನಾಡಿನ ಶರಣರ ಅನುಭಾವವೂ ಗೌರವದಿಂದ ಕಾಣಬೇಕಾದ ಸಂಪತ್ತೆಂಬುದು ಅವರ ನಿಲುವಾಗಿತ್ತು. ನೆರೆಯ ಮಹಾರಾಷ್ಟ್ರದಲ್ಲಿ, 1895ರಲ್ಲಿ ಕ್ರೈಸ್ತರಾದ ನಾರಾಯಣ ವಾಮನ ಟಿಳಕರು (1861-1919) ಅಭಂಗದ ಧಾಟಿಯಲ್ಲಿ ಯೇಸುಭಕ್ತಿಯನ್ನು ಹಾಡಿದ್ದರು. ಬೆಳಗಾವಿ, ಖಾನಾಪುರಗಳ ಎರಡು ಭಾಷೆಯ ಜನಕ್ಕೆ ಈ ಹೋಲಿಕೆ ಸುಲಭವಾಗಿ ಮನದಟ್ಟಾದೀತು. ಟಿಳಕರು ತಮ್ಮ ಭಕ್ತಿಯನ್ನು ನಾಡಿನ ಛಂದಸ್ಸಿನಲ್ಲಿ ನುಡಿದರು. ಚೆನ್ನಪ್ಪನವರು ನಾಡಿನ ಛಂದಸ್ಸನ್ನೇ ತಮ್ಮ ಭಕ್ತಿಯ ಕಾಯಕವನ್ನಾಗಿ ಮಾಡಿಕೊಂಡರು.

ಇದರ ಬೆಲೆಯನ್ನು ಅವರು ತೆರಲೇಬೇಕಾಯಿತು. ಸ್ವಮತೀಯರಲ್ಲಿ ಕೆಲವರಿಗೆ ಈ ಪಾದ್ರಿ ಹಿಂದಕ್ಕೆ ಹೊರಟಂತೆ ಕಂಡಿತು. ಲಿಂಗಾಯತರಲ್ಲಿ ಕೆಲವರಿಗೆ ಇದು ಮತಾಂತರದ ಹೊಸ ಉಪಾಯದಂತೆ ತೋರಿತು. ಎರಡು ಮನೆಗಳ ನಂಟನಿಗೆ ಎರಡೂ ಕಡೆ ಹೊರಜಗಲಿಯೇ ಗತಿ. ಚೆನ್ನಪ್ಪನವರು ಜಗಲಿಯ ಮೇಲೆಯೇ ಕುಳಿತು ಕೆಲಸ ಮಾಡಿದರು.

ಆ ಕೆಲಸದಲ್ಲಿ ಲಿಂಗಾಯತ ಸಮಾಜ ಮರೆಯಲಾಗದ್ದು ಅನುಭವ ಮಂಟಪದ ವಿಷಯ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಅಂತಹ ಮಂಟಪವೊಂದು ಇದ್ದಿತೆಂಬುದಕ್ಕೆ ಶಾಸನಾಧಾರವಿಲ್ಲವೆಂದು, ಅದು ಮುಂದಿನವರ ಕಲ್ಪನೆಯೆಂದು ಕೆಲವರು ವಾದಿಸಿದಾಗ, ಅದಕ್ಕೆ ಗ್ರಂಥರೂಪದ ಉತ್ತರವನ್ನು ಬರೆದವರು ಮಠಾಧಿಪತಿಯಲ್ಲ, ಲಿಂಗಾಯತ ವಿದ್ವಾಂಸರೂ ಅಲ್ಲ, ಕ್ರೈಸ್ತ ಸಭಾಪಾಲಕರಾದ ಉತ್ತಂಗಿಯವರು. ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಆ ಗ್ರಂಥದಲ್ಲಿ ಅವರು ಶರಣರ ವಚನಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿದರು. ಚರಿತ್ರಕಾರರೆಲ್ಲರೂ ಅವರ ನಿರ್ಣಯವನ್ನು ಒಪ್ಪಿದ್ದಾರೆಂದಲ್ಲ; ಮಂಟಪದ ಸ್ವರೂಪದ ಬಗೆಗೆ ಚರ್ಚೆ ಮುಂದುವರಿದೇ ಇದೆ. ಆದರೆ ಜನತೆಯ ನೆನಪಿಗೆ ಶಾಸನದಷ್ಟೇ ಮಾನ್ಯತೆಯನ್ನು ಬೇಡುವ ಹಕ್ಕಿದೆಯೆಂಬುದನ್ನು ಅವರು ಗಟ್ಟಿಯಾಗಿ ಹೇಳಿದರು. ಖಾನಾಪುರ ತಾಲೂಕಿನ ಜನಕ್ಕೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಕಲ್ಯಾಣದಿಂದ ಉಳವಿಯ ಕಡೆಗೆ ವಚನದ ಕಟ್ಟುಗಳನ್ನು ಹೊತ್ತು ನಡೆದ ಶರಣರ ಹಾದಿ ಆ ತಾಲೂಕಿನ ಮೂಲಕ ಸಾಗಿತೆಂದು ಪರಂಪರೆ ಹೇಳುತ್ತದೆ. ಡೋಹರ ಕಕ್ಕಯ್ಯನವರು ಐಕ್ಯರಾದ ಸ್ಥಳವೆಂದು ಕಕ್ಕೇರಿ ಇಂದಿಗೂ ಪೂಜ್ಯವಾಗಿದೆ. ಮಲಪ್ರಭೆಯ ದಡದ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರ ಐಕ್ಯಸ್ಥಳವಿದೆ. ಕಾಗದಪತ್ರ ಕೇಳುವವನಿಗೆ ಇಲ್ಲಿ ತೋರಿಸಲು ಹೆಚ್ಚೇನಿಲ್ಲ. ಒಂದು ಊರು ಎಂಟು ನೂರು ವರ್ಷ ಒಂದು ಹೆಸರನ್ನು ಕಾದುಕೊಂಡು ಬಂದಿದೆ, ಅಷ್ಟೇ.

ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳು, ಆದಯ್ಯನ ವಚನಗಳು, ಸಿದ್ಧರಾಮೇಶ್ವರರ ಸಾಹಿತ್ಯ, ಇವುಗಳ ಸಂಪಾದನೆಯಲ್ಲಿಯೂ ಚೆನ್ನಪ್ಪನವರ ಶ್ರಮವಿದೆ. ಒಳ್ಳೆಯ ಸಮಾರ್ಯದವನ ದೃಷ್ಟಾಂತವನ್ನು ಹೇಳಿದ ಯೇಸುಸ್ವಾಮಿ, ನೆರೆಯವನು ಯಾರೆಂಬ ಪ್ರಶ್ನೆಯನ್ನು ತಿರುಗಿಸಿ, ಗಾಯಗೊಂಡವನಿಗೆ ನೆರೆಯವನಾದವನು ಯಾರೆಂದು ಕೇಳಿದನು. ಜಾತಿಯಲ್ಲಿ, ಮತದಲ್ಲಿ ಬೇರೆಯಾದವನೇ ಅಲ್ಲಿ ನೆರೆಯವನಾಗುತ್ತಾನೆ. ಹುಳುತಿಂದ ಓಲೆಗರಿಯ ಮುಂದೆ ಮಂಡಿಯೂರಿದ ಈ ಪಾದ್ರಿಯನ್ನು ನೆನೆದಾಗ ಆ ಪಾಠದ ಅರ್ಥ ವಿಸ್ತಾರವಾಗುತ್ತದೆ.

ಇಲ್ಲೊಂದು ಎಚ್ಚರ ಅಗತ್ಯ. ಅಭಿಮಾನದ ಭರದಲ್ಲಿ ಕೆಲವರು ಚೆನ್ನಪ್ಪನವರನ್ನು ಹೆಸರಿಗೆ ಮಾತ್ರ ಕ್ರೈಸ್ತರು, ಅಂತರಂಗದಲ್ಲಿ ಲಿಂಗಾಯತರು ಎಂದು ಬಣ್ಣಿಸುವುದುಂಟು. ಇದು ಅವರಿಗೆ ಮಾಡುವ ಅನ್ಯಾಯ. ಅವರು ಕಡೆಯವರೆಗೂ ಕ್ರಿಸ್ತಭಕ್ತರಾಗಿಯೇ ಬಾಳಿದರು. ಬಸವಣ್ಣನವರನ್ನು ಅವರು ಗೌರವಿಸಿದ್ದು ತಮ್ಮ ಧರ್ಮವನ್ನು ಮರೆತುದರಿಂದಲ್ಲ, ಅದನ್ನು ನೆಟ್ಟಗೆ ಓದಿಕೊಂಡುದರಿಂದ. ಅವರ ಸೇವೆಯನ್ನು ಸ್ವೀಕರಿಸುವ ಸಮಾಜ ಅವರ ಶ್ರದ್ಧೆಯನ್ನೂ ಇದ್ದಂತೆಯೇ ಸ್ವೀಕರಿಸಬೇಕಾಗುತ್ತದೆ.

1949ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ 32ನೆಯ ಅಧಿವೇಶನ ಸೇರಿದಾಗ ಅಧ್ಯಕ್ಷಪೀಠ ಚೆನ್ನಪ್ಪನವರಿಗೆ ಸಂದಿತು. ಹಿಂದಿನ ವರ್ಷ, 1948ರ ಸೆಪ್ಟೆಂಬರಿನಲ್ಲಷ್ಟೇ ಹೈದರಾಬಾದ ಸಂಸ್ಥಾನ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಪಡೆದಿತ್ತು. ರಜಾಕಾರರ ಹಾವಳಿಯ ಗಾಯಗಳು ಇನ್ನೂ ಮಾದಿರಲಿಲ್ಲ. ಕಲ್ಯಾಣವಿದ್ದ ಆ ಸೀಮೆಯಲ್ಲಿ, ಮತದ ಹೆಸರಿನಲ್ಲಿ ರಕ್ತ ಹರಿದ ಮರುವರ್ಷವೇ, ಕನ್ನಡಿಗರು ತಮ್ಮ ಸಾಹಿತ್ಯಪೀಠದ ಮೇಲೆ ಒಬ್ಬ ಕ್ರೈಸ್ತ ಪಾದ್ರಿಯನ್ನು ಕುಳ್ಳಿರಿಸಿ ಗೌರವಿಸಿದರು. ಗೌರವ ಪಡೆದವರಂತೆ ಕೊಟ್ಟವರೂ ಇಲ್ಲಿ ದೊಡ್ಡವರೇ.

ಚೆನ್ನಪ್ಪನವರು ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಳ್ಳುತ್ತಿದ್ದರು. ಬಿರುದುಗಳನ್ನು ಬಯಸುವ ಕಾಲದಲ್ಲಿ ಭಿಕ್ಷುಕನ ಹೆಸರನ್ನು ಆರಿಸಿಕೊಂಡದ್ದು ಅರ್ಥಪೂರ್ಣ. ಕಪ್ಪರ ಹಿಡಿದು ನಾಡು ತಿರುಗಿದ ಸರ್ವಜ್ಞನ ನೆನಪು ಅದರಲ್ಲಿದೆ. ಭಕ್ತರ ಮನೆಬಾಗಿಲಿಗೆ ಜೋಳಿಗೆ ಹಿಡಿದು ಹೋಗುವ ಜಂಗಮರ ನೆನಪೂ ಇದೆ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಮೊಟ್ಟಮೊದಲು ಧನ್ಯರೆನಿಸಿಕೊಂಡವರು ಆತ್ಮದಲ್ಲಿ ಬಡವರಾದವರೇ ಎಂಬುದನ್ನು ಬೋಧಕರಾದ ಅವರು ಮರೆತಿರಲಾರರು. ಇಂತಹ ತಿರುಕತನದಿಂದಲೇ ಎಷ್ಟೋ ಮಠಗಳ ಉಚಿತ ಪ್ರಸಾದ ನಿಲಯಗಳು ಕಾಳು ಕಾಳಾಗಿ ಬೆಳೆದವೆಂಬುದು ಈ ಸಂಪುಟದ ವಾಚಕರಿಗೆ ತಿಳಿದ ವಿಷಯ.

1962ರಲ್ಲಿ, ಎಂಬತ್ತು ವರ್ಷಗಳ ತುಂಬು ಬಾಳಿನ ನಂತರ, ಚೆನ್ನಪ್ಪನವರು ಕಣ್ಮುಚ್ಚಿದರು. ಅವರು ಕೂಡಿಸಿಟ್ಟ ತ್ರಿಪದಿಗಳು ಶಾಲೆಯ ಪಠ್ಯಗಳಲ್ಲಿ ಸೇರಿ, ಯಾರು ಹುಡುಕಿ ತಂದರೆಂದು ತಿಳಿಯದ ಮಕ್ಕಳ ನಾಲಗೆಯ ಮೇಲೆ ನಲಿದಾಡುತ್ತಿವೆ.